ಮಾವಿನ ಸ್ವಾದದ ಕ್ರಾಫ್ಟ್ ವೀಟ್ (ಗೋಧಿ) ಬಿಯರ್ ಕುಡಿದೆ. ಸಿಹಿಯೇ ಇರಲಿಲ್ಲ, ಬಾಳೆಹಣ್ಣಿನ ವಾಸನೆ ಬೇರೆ. ಅದು ಕೆಟ್ಟಿತ್ತಾ? ಇಂಥ ಬಿಯರಿನ ರುಚಿ ನೋಡುವುದು ಹೇಗೆ?

ಕೆಟ್ಟಿರಲಿಲ್ಲ. ನೀವು ಹೇಳಿದ ಎರಡು ಲಕ್ಷಣ ನೋಡಿದರೆ ಬಹುಶಃ ಚೆನ್ನಾಗಿಯೇ ಮಾಡಿದ ಬಿಯರ್ ಅದು. ಲೇಬಲ್ ಮೇಲೆ ಮಾವಿನಹಣ್ಣು ಕಂಡ ತಕ್ಷಣ ನಾಲಿಗೆ ಜ್ಯೂಸಿಗೆ ಕಾಯುತ್ತಾ ಕೂರುತ್ತದೆ. ಬರುವುದು ಮಾತ್ರ ಹಗುರವಾದ, ಚೂರು ಹುಳಿ ಇರುವ, ಸಿಹಿ ಇಲ್ಲದ ಬಿಯರ್.

ಸಿಹಿ ಎಲ್ಲಿ ಹೋಯಿತು ಅಂದರೆ, ಯೀಸ್ಟ್ ತಿಂದು ಮುಗಿಸಿತು. ಹಣ್ಣಿನ ತಿರುಳನ್ನು ಸಾಮಾನ್ಯವಾಗಿ ಮೊದಲ ಹುದುಗಿನ ಜೋರು ಇಳಿದ ಮೇಲೆ ಟ್ಯಾಂಕಿಗೆ ಹಾಕುತ್ತಾರೆ. ಆಗಲೂ ಯೀಸ್ಟ್ ಬದುಕೇ ಇರುತ್ತದೆ. ಹಣ್ಣಿನ ಸಕ್ಕರೆ ಅಂದರೆ ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್, ಇವು ಅದಕ್ಕೆ ತುಂಬಾ ಸುಲಭ, ಹೆಚ್ಚುಕಮ್ಮಿ ಪೂರ್ತಿ ಆಲ್ಕೋಹಾಲ್ ಮತ್ತು ಗ್ಯಾಸ್ ಆಗಿಬಿಡುತ್ತವೆ. ಉಳಿಯುವುದು ಹುಳಿ, ಸ್ವಲ್ಪ ಒಗರು, ಬಣ್ಣ, ಘಮ. ಆ ಘಮದಲ್ಲೂ ಒಂದಿಷ್ಟು ಗ್ಯಾಸಿನ ಜೊತೆ ಹಾರಿಹೋಗುತ್ತದೆ. ನಾವು ಮಾವು ಅಂತ ಗುರುತಿಸುವುದು ಸಿಹಿ, ಹುಳಿ, ವಾಸನೆ ಮೂರೂ ಒಟ್ಟಿಗೆ ಸಿಕ್ಕಾಗ ಅಲ್ವಾ? ಒಂದನ್ನು ತೆಗೆದರೆ ಗುರುತು ಹತ್ತುವುದು ಕಷ್ಟ. ಅದಕ್ಕೇ ಮಾವು, ಪೀಚ್, ಸ್ಟ್ರಾಬೆರಿಯಂಥ ಮೆದು ಹಣ್ಣುಗಳು ಬಿಯರಿನಲ್ಲಿ ಬೇಗ ಮಸುಕಾಗುತ್ತವೆ. ರಾಸ್ಪ್‌ಬೆರಿ, ಹುಳಿ ಚೆರ್ರಿ, ಪ್ಯಾಶನ್ ಫ್ರೂಟ್‌ಗೆ ತಮ್ಮದೇ ಹುಳಿ ಜಾಸ್ತಿ ಇರುವುದರಿಂದ ಸಕ್ಕರೆ ಹೋದರೂ ಗಟ್ಟಿಯಾಗಿ ನಿಲ್ಲುತ್ತವೆ. ಪೀಚ್ ರುಚಿ ಬೇಕಾದಾಗ ಏಪ್ರಿಕಾಟ್ ಹಾಕುವ ಬ್ರೂವರ್‌ಗಳೂ ಇದ್ದಾರೆ, ಹುದುಗಿದ ಮೇಲೆ ಏಪ್ರಿಕಾಟೇ ಪೀಚಿಗಿಂತ ಚೆನ್ನಾಗಿ ಪೀಚ್ ಅನ್ನಿಸುತ್ತದೆ ಅಂತ.

ಇನ್ನು ಬಾಳೆಹಣ್ಣು. ಅದು ಹಣ್ಣಿನಿಂದ ಬಂದದ್ದಲ್ಲ, ಯೀಸ್ಟಿನದು. ಜರ್ಮನಿಯ ಬವೇರಿಯಾ ಕಡೆಯ ವೀಟ್ ಬಿಯರ್, ಅಂದರೆ ಹೆಫೆವೈಟ್ಸನ್, ಅದರ ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಅನ್ನುವ ಎಸ್ಟರ್, ಅಂದರೆ ಹಣ್ಣಿನ ಘಮದ ಒಂದು ರಾಸಾಯನಿಕ, ಮಾಡುತ್ತದೆ. ನಿಜವಾದ ಬಾಳೆಹಣ್ಣಿನ ಘಮದಲ್ಲೂ ಇರುವುದು ಅದೇ. ಜೊತೆಗೆ 4-ವಿನೈಲ್ ಗ್ವಾಯಕಾಲ್ ಅಂತ ಇನ್ನೊಂದು, ಲವಂಗದ ವಾಸನೆ ಅದರದ್ದು. ಒಂದು ಹಣ್ಣೂ ಹಾಕದ ಹೆಫೆವೈಟ್ಸನ್‌ನಲ್ಲೂ ಇವೆರಡು ಸಿಗುತ್ತವೆ. ಬೆಲ್ಜಿಯಂನ ವಿಟ್‌ಬಿಯರ್ ದಾರಿ ಬೇರೆ, ಮೊಳಕೆ ಬರಿಸದ ಹಸಿ ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಈ ಶೈಲಿ ಪೂರ್ತಿ ನಿಂತೇ ಹೋಗಿತ್ತು. 1960ರ ದಶಕದಲ್ಲಿ ಹೂಗಾರ್ಡನ್ ಊರಿನಲ್ಲಿ ಪಿಯರ್ ಸೆಲಿಸ್ ಅನ್ನುವವರು ಮತ್ತೆ ಶುರು ಮಾಡದಿದ್ದರೆ ಇವತ್ತು ನಮಗೆ ಸಿಗುತ್ತಿರಲಿಲ್ಲವೇನೋ. ಅಮೆರಿಕನ್ ಶೈಲಿಯಲ್ಲಿ ಯೀಸ್ಟ್ ಸುಮ್ನೆ ಇರುತ್ತದೆ, ತನ್ನ ವಾಸನೆ ಹೆಚ್ಚು ಬಿಡುವುದಿಲ್ಲ. ನನ್ನ ಪ್ರಕಾರ ಮಾವಿಗೆ ಅಮೆರಿಕನ್ ಅಥವಾ ಬೆಲ್ಜಿಯನ್ ಬುಡವೇ ಸರಿ. ಬವೇರಿಯನ್ ಯೀಸ್ಟ್ ಬಂದರೆ ಬಾಳೆ ಮುಂದೆ ನಿಂತು ಮಾವನ್ನು ಮುಚ್ಚಿಬಿಡುತ್ತದೆ. ನಿಮಗೆ ಆಗಿದ್ದೂ ಇದೇ ಇರಬೇಕು.

ರುಚಿ ನೋಡುವ ವಿಷಯಕ್ಕೆ ಬರೋಣ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ, 6ರಿಂದ 8 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ತೀರಾ ತಣ್ಣಗಿದ್ದರೆ ಘಮ ಮೇಲೇಳುವುದೇ ಇಲ್ಲ, ಮತ್ತೆ ಹಣ್ಣಿನ ಬಿಯರಿನಲ್ಲಿ ಹಣ್ಣು ಇರುವುದೇ ಘಮದಲ್ಲಿ. ಬಾಟಲಿಯಿಂದ ನೇರ ಕುಡಿದರಂತೂ ಅರ್ಧ ಬಿಯರ್ ಕಳೆದುಕೊಂಡ ಹಾಗೆ. ಎತ್ತರದ ಗ್ಲಾಸ್ ತಗೊಳ್ಳಿ, ಎಣ್ಣೆ ಜಿಡ್ಡು, ಸೋಪು ಯಾವುದೂ ಇರಬಾರದು, ಇದ್ದರೆ ನೊರೆ ನಿಲ್ಲುವುದಿಲ್ಲ. ಮುಕ್ಕಾಲು ಸುರಿದು, ಬಾಟಲಿಯಲ್ಲಿ ಉಳಿದದ್ದನ್ನು ಮೆಲ್ಲಗೆ ತಿರುಗಿಸಿ ತಳದ ಗಷ್ಟನ್ನೂ ಸೇರಿಸಿ ಸುರಿಯಿರಿ. ಮಬ್ಬಾಗಿ ಕಾಣುವುದು ಗೋಧಿಯ ಪ್ರೋಟೀನ್ ಮತ್ತು ಯೀಸ್ಟಿನಿಂದ, ದೋಷ ಅಲ್ಲ. ನಿಂಬೆ ಹೋಳು ಮಾತ್ರ ದಯವಿಟ್ಟು ಬೇಡ, ನೊರೆಯನ್ನೂ ಕೊಲ್ಲುತ್ತದೆ, ಬ್ರೂವರ್ ಕಷ್ಟಪಟ್ಟು ಉಳಿಸಿದ ಘಮವನ್ನೂ ಮುಚ್ಚುತ್ತದೆ.

ನೊರೆ ದಪ್ಪಗಿರುವಾಗಲೇ ಮೂಗು ಹತ್ತಿರ ಹಿಡಿಯಿರಿ. ಮೊದಲ ಗುಟುಕನ್ನು ಲೆಕ್ಕಕ್ಕೆ ಇಡಬೇಡಿ, ಬಾಯಿ ಇನ್ನೂ ಹಿಂದಿನ ರುಚಿಯಲ್ಲೇ ಇರುತ್ತದೆ. ಎರಡನೆಯದನ್ನು ನಾಲಿಗೆ ಮೇಲೆ ಓಡಾಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಹಣ್ಣು ಬರುವುದು ಇಲ್ಲಿ, ನುಂಗಿದ ಮೇಲೆ. ನನಗೆ ತುಂಬಾ ಇಷ್ಟವಾದ ಒಂದು ರಾಸ್ಪ್‌ಬೆರಿ ವೀಟ್ ಬಿಯರ್ ಹೀಗಿತ್ತು: ನೊರೆ ತೆಳು ಗುಲಾಬಿ, ಮೊದಲು ಮೂಗಿಗೆ ಬಂದದ್ದು ಹಸಿ ಹಿಟ್ಟಿನ ವಾಸನೆ, ಹಣ್ಣೇ ಇಲ್ಲ. ಬಾಯಿಗೆ ಹಾಕಿದಾಗ ಗ್ಯಾಸಿನ ಚುರುಕು, ಆಮೇಲೆ ನಾಲಿಗೆಯ ಅಂಚಿನಲ್ಲಿ ಹುಳಿ. ನುಂಗಿ ಉಸಿರು ಬಿಟ್ಟಾಗ ಒಮ್ಮೆಲೇ ರಾಸ್ಪ್‌ಬೆರಿ, ಅದೂ ಜಾಮಿನದಲ್ಲ, ಗಿಡದಿಂದ ಕಿತ್ತ ಹಣ್ಣಿನದು, ಹಿಂದೆಯೇ ಅದರ ಬೀಜದ ಸಣ್ಣ ಒಗರು. ಆ ಒಗರು ಬಾಯಿ ಒಣಗಿಸಿ ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ. ಗ್ಲಾಸ್ ಅರ್ಧ ಆದ ಮೇಲೆ, ಸ್ವಲ್ಪ ಬೆಚ್ಚಗಾದಾಗ, ಹಣ್ಣು ಇನ್ನೂ ಮುಂದೆ ಬಂತು. ಹಾಗಾಗಿ ಅರ್ಧ ಗ್ಲಾಸ್ ಮುಗಿಯುವ ತನಕ ತೀರ್ಪು ಕೊಡಬೇಡಿ.

ನಿಜವಾಗಿ ಕೆಟ್ಟಿದ್ದರೆ ವಾಸನೆ ಬೇರೆಯೇ ಇರುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದು, ಗಾಳಿ ತಾಗಿದೆ. ಬೆಣ್ಣೆ ವಾಸನೆಗೆ ಡೈಅಸಿಟೈಲ್ ಅನ್ನುವ ರಾಸಾಯನಿಕ ಕಾರಣ, ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ ಅಂತಲೇ ಹೆಚ್ಚಾಗಿ ಅರ್ಥ. ಹುಳಿ ಶೈಲಿ ಅಲ್ಲದ ಬಿಯರಿನಲ್ಲಿ ವಿನೆಗರ್ ಬಂದರೆ ಬೇರೆ ಬ್ಯಾಕ್ಟೀರಿಯಾ ಸೇರಿದೆ. ಕೆಮ್ಮಿನ ಸಿರಪ್ ಥರ ಅನ್ನಿಸಿದರೆ ಕೆಟ್ಟಿಲ್ಲ, ಎಸೆನ್ಸ್ ಜಾಸ್ತಿ ಬಿದ್ದಿದೆ. ನನಗೆ ಅದು ಸೇರುವುದಿಲ್ಲ, ಒಂದು ಗುಟುಕಿಗೆ ಪರವಾಗಿಲ್ಲ, ಗ್ಲಾಸ್ ಪೂರ್ತಿ ಕುಡಿಯಲು ಆಗುವುದಿಲ್ಲ. ತೆರೆದ ಕೂಡಲೇ ಉಕ್ಕಿ ಹರಿದರೆ ಬಾಟಲಿಯೊಳಗೆ ಹಣ್ಣಿನ ಸಕ್ಕರೆ ಇನ್ನೂ ಹುದುಗುತ್ತಿದ್ದಿರಬಹುದು, ಇಂಥವನ್ನು ಯಾವಾಗಲೂ ಫ್ರಿಜ್‌ನಲ್ಲೇ ಇಡಿ.

ಸಿಹಿಯೇ ಬೇಕು ಅಂದರೆ ಅದರಲ್ಲಿ ತಪ್ಪೇನಿಲ್ಲ. ಹುದುಗಿದ ಮೇಲೆ ಜ್ಯೂಸ್ ಬೆರೆಸಿದ್ದನ್ನು ಹುಡುಕಿ. ಬರ್ಲಿನ್‌ನಲ್ಲಿ ಬರ್ಲಿನರ್ ವೈಸೆ ಅನ್ನುವ ಹುಳಿ ಗೋಧಿ ಬಿಯರಿಗೆ ರಾಸ್ಪ್‌ಬೆರಿ ಸಿರಪ್ ಹಾಕಿಯೇ ಕೊಡುವ ರೂಢಿ ಇದೆ.

ಮುಂದಿನ ಸಲ ಒಂದು ಕೆಲಸ ಮಾಡಿ. ಬಾಟಲಿಗೆ ತುಂಬಿದ ತಾರೀಖು ನೋಡಿ ಹೊಸದನ್ನೇ ತಗೊಳ್ಳಿ, ಹಣ್ಣಿನ ಘಮ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅದೇ ಬ್ರೂವರಿಯ ಹಣ್ಣು ಹಾಕದ ವೀಟ್ ಬಿಯರ್ ಸಿಕ್ಕರೆ ಅದನ್ನೂ ತನ್ನಿ. ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟು ಮೊದಲು ಸಾದಾ, ಆಮೇಲೆ ಮಾವಿನದು. ಸಾದಾದಲ್ಲೂ ಬಾಳೆ ಸಿಕ್ಕಿದರೆ ಅದು ಯೀಸ್ಟಿನದು ಅಂತ ಅಲ್ಲೇ ಗೊತ್ತಾಗುತ್ತದೆ, ಎರಡನೆಯದರಲ್ಲಿ ಹೊಸದಾಗಿ ಏನು ಸಿಗುತ್ತದೋ ಅದು ಮಾವು.