ಸ್ಪ್ಯಾನಿಷ್‌ನಲ್ಲಿ ಎರಡು ಸಲ ‘ಇಲ್ಲ’ ಬಂದರೆ ತಪ್ಪಲ್ಲ

‘ನೋ ತೆಂಗೊ ನಾದಾ’ (ನನ್ನ ಹತ್ತಿರ ಏನೂ ಇಲ್ಲ) ಎಂಬಲ್ಲಿ ಎರಡು ನಿಷೇಧ ಯಾಕೆ, ‘ತೆಂಗೊ ನಾದಾ’ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಎರಡು ‘ಇಲ್ಲ’ ಸೇರಿದರೆ ‘ಹೌದು’ ಎಂಬ ಇಂಗ್ಲಿಷ್‌ನ ಲೆಕ್ಕ ಇಲ್ಲಿಗೆ ತರಬೇಡಿ. ನಾದಾ (ಏನೂ ಇಲ್ಲ), ನಾದಿಯೆ (ಯಾರೂ ಇಲ್ಲ), ನೂಂಕಾ (ಎಂದೂ ಇಲ್ಲ) ಥರದ ಪದ ಕ್ರಿಯಾಪದದ ನಂತರ ಬಂದರೆ, ಕ್ರಿಯಾಪದಕ್ಕೆ ಮೊದಲು ‘ನೋ’ ಇರಲೇಬೇಕು: ‘ನೋ ಬಿಯೆನೆ ನಾದಿಯೆ’, ಅಂದರೆ ಯಾರೂ ಬರುವುದಿಲ್ಲ. ನಾದಿಯೆಯೇ ಮೊದಲು ಬಂದರೆ ‘ನೋ’ ಬಿಡಿ: ‘ನಾದಿಯೆ ಬಿಯೆನೆ’. ಎರಡರ ಅರ್ಥವೂ ಒಂದೇ.

ಪ್ರಶ್ನೆ ಕೇಳುವುದು ಇನ್ನೂ ಸುಲಭ. ಇಂಗ್ಲಿಷ್‌ ಪ್ರಶ್ನೆಗಳಲ್ಲಿ ಬರುವ ‘ಡೂ’ (do) ಥರದ್ದೇನೂ ಬೇಡ. ‘ಆಬ್ಲಾಸ್ ಎಸ್ಪಾನ್ಯೊಲ್?’ (ನೀನು ಸ್ಪ್ಯಾನಿಷ್ ಮಾತಾಡ್ತೀಯಾ?) ಅಂತ ಕೊನೆಗೆ ದನಿ ಏರಿಸಿದರೆ ಸಾಕು. ಬರೆಯುವಾಗ ಮಾತ್ರ ಶುರುವಿನಲ್ಲೂ ತಲೆಕೆಳಗಾದ ಪ್ರಶ್ನೆಚಿಹ್ನೆ ಹಾಕಿ. ಸ್ಪ್ಯಾನಿಷ್ ಭಾಷೆಯ ನಿಯಮ ನೋಡಿಕೊಳ್ಳುವ ಸಂಸ್ಥೆಯಾದ ಸ್ಪೇನಿನ ರಾಯಲ್ ಅಕಾಡೆಮಿ 1754ರಲ್ಲಿ ತಂದ ಈ ಪದ್ಧತಿ ನನಗೆ ತುಂಬಾ ಇಷ್ಟ. ಇದು ಪ್ರಶ್ನೆ ಅಂತ ಓದುವವರಿಗೆ ಮೊದಲೇ ಗೊತ್ತಾಗುತ್ತದೆ, ಅಲ್ವಾ?