ಮೂರು ಮಳೆಗಾಲ ಕಳೆದರೂ ಚೀಲ ತುಂಬಲಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಮೇಲೆ ಸೋಮವಾರಪೇಟೆಯ ಕಡೆಯಲ್ಲಿರುವ ನಮ್ಮ ಕಾಫಿ ತೋಟಕ್ಕೆ ಮರಳಿದ್ದೇನೆ. ಹಳೆಯ ಗಿಡಗಳು ಮುದಿಯಾಗಿದ್ದರಿಂದ ಮೂರು ಎಕರೆಯಲ್ಲಿ ಅವನ್ನು ಕಿತ್ತು ಮತ್ತೆ ಅರೇಬಿಕಾವನ್ನೇ ನೆಟ್ಟೆ. ನೆಟ್ಟ ಮೇಲೆ ಇದು ಮೂರನೆಯ ಮಳೆಗಾಲ. ಗೊಬ್ಬರ, ಕಳೆ, ಕಪಾತು ಯಾವುದರಲ್ಲೂ ಕೊರತೆ ಮಾಡಿಲ್ಲ. ಆದರೂ ಕಳೆದ ಕೊಯ್ಲಿಗೆ ಸಿಕ್ಕಿದ್ದು ಮನೆಯ ಕಾಫಿಪುಡಿಗೆ ಸಾಲುವಷ್ಟು ಹಣ್ಣು ಮಾತ್ರ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ಬೆಳೆದ ನೆಂಟರು ಮದುವೆ ಮನೆಗಳಲ್ಲಿ ‘ಎಷ್ಟು ಚೀಲ ಆಯಿತು?’ ಎಂದು ಕೇಳುತ್ತಾರೆ. ಅಪ್ಪ ಮಾತ್ರ ಏನೂ ಕೇಳುವುದಿಲ್ಲ. ಅದೇ ಹೆಚ್ಚು ಕಷ್ಟವಾಗಿದೆ. ನಾನು ಮಾಡುತ್ತಿರುವುದು ತಾಳ್ಮೆಯೋ ಹಟವೋ ನನಗೇ ತಿಳಿಯುತ್ತಿಲ್ಲ. ತಾವು ಹಿರಿಯರು, ದಯವಿಟ್ಟು ತಿಳಿಸಬೇಕು.

ಉತ್ತರ: ‘ತಾಳಿದವನು ಬಾಳಿಯಾನು’ ಎಂದು ಒಂದು ಸಾಲು ಬರೆದು ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು, ನಿಮ್ಮದು ಮುಗಿಯುತ್ತಿರಲಿಲ್ಲ. ಎಷ್ಟು ದಿನ ತಾಳಬೇಕು, ತಾಳುವಾಗ ಏನನ್ನು ನೋಡುತ್ತಿರಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಆದ್ದರಿಂದ ಮೊದಲು ಗಿಡದ ಲೆಕ್ಕವನ್ನು ನೋಡೋಣ.

ಕಾಫಿ ಗಿಡ ಹೂಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ ರೆಂಬೆ ಚಾಚುತ್ತದೆ, ಮಳೆ ಹಿಂದೆ ಸರಿದ ಮೇಲೆ ಅದರ ಗಿಣ್ಣುಗಳಲ್ಲಿ ಮೊಗ್ಗು ಕಟ್ಟುತ್ತದೆ, ಮಾರ್ಚ್ ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ, ಹಣ್ಣು ಕೈಗೆ ಬರುವುದು ಮತ್ತೆ ನವೆಂಬರ್‌ನಿಂದ ಜನವರಿಯೊಳಗೆ. ಅಂದರೆ ಈ ಜೂನ್‌ನಲ್ಲಿ ನೀವು ಹಾಕಿದ ಗೊಬ್ಬರದ ಪೂರ್ತಿ ಫಲ ಚೀಲದಲ್ಲಿ ಕಾಣುವುದು ಮುಂದಿನ ವರ್ಷದ ಡಿಸೆಂಬರ್‌ನಲ್ಲಿ, ಹೆಚ್ಚು ಕಡಿಮೆ ಒಂದೂವರೆ ವರ್ಷಕ್ಕೆ. ಅದರ ನಡುವೆಯೂ ಗಿಡ ನಮ್ಮನ್ನು ಸತಾಯಿಸುತ್ತದೆ: ಹೂವು ಉದುರಿ ಕಾಯಿ ಕಚ್ಚಿದ ಮೇಲೆ ಆರೆಂಟು ವಾರ ಅದು ಗುಂಡುಸೂಜಿಯ ತಲೆಯಷ್ಟೇ ಇದ್ದುಬಿಡುತ್ತದೆ, ಮುಂಗಾರು ಹಿಡಿದ ಮೇಲೆ ಒಮ್ಮೆಗೇ ಊದಿಕೊಳ್ಳುತ್ತದೆ. ಹೊಸಬರು ಮೇ ತಿಂಗಳಲ್ಲಿ ತೋಟ ಸುತ್ತಿ ‘ಕಾಯಿ ಬೆಳೆಯುತ್ತಲೇ ಇಲ್ಲ’ ಎಂದು ಗಾಬರಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೊಸದಾಗಿ ನೆಟ್ಟ ಅರೇಬಿಕಾ ಲೆಕ್ಕಕ್ಕೆ ಸಿಗುವಂಥ ಮೊದಲ ಫಸಲು ಕೊಡುವುದು ಮೂರು ನಾಲ್ಕು ವರ್ಷಕ್ಕೆ. ತುಂಬು ಫಸಲಿಗೆ ಇನ್ನೂ ಎರಡು ವರ್ಷ ಬೇಕು. ನಿಮ್ಮ ಗಿಡಗಳಿಗೆ ಕಳೆದ ಕೊಯ್ಲಿನ ಹೊತ್ತಿಗೆ ಒಂದೂವರೆ ವರ್ಷ. ಆ ವಯಸ್ಸಿನ ಗಿಡ ಮನೆಗೆ ಸಾಲುವಷ್ಟು ಕಾಫಿಪುಡಿ ಕೊಟ್ಟಿದ್ದೇ ಅದರ ದೊಡ್ಡತನ. ತಿಂಗಳಿಗೊಮ್ಮೆ ಸಂಬಳ ಬರುತ್ತಿದ್ದ ಒಂಬತ್ತು ವರ್ಷದ ರೂಢಿಯನ್ನು ನೀವು ತೋಟಕ್ಕೂ ಹೊತ್ತು ತಂದಿದ್ದೀರಿ ಎಂದು ನನ್ನ ಅನುಮಾನ. ಅದು ತಪ್ಪಲ್ಲ, ಆದರೆ ಗಿಡಕ್ಕೆ ಆ ಕ್ಯಾಲೆಂಡರ್ ಗೊತ್ತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಮಾಧಾನದ ಮಾತು. ಇನ್ನು ಮುಂದಿನದು ಎಚ್ಚರಿಕೆ. ನಿಧಾನವಾಗಿ ಬೆಳೆಯುವ ಗಿಡ ಬೇರೆ, ಒಳಗೆ ಕೆಟ್ಟಿರುವ ಗಿಡ ಬೇರೆ. ದೂರದಿಂದ ನೋಡುವಾಗ ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ ನನ್ನ ತೋಟದ ಇಳಿಜಾರಿನಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಅತಿಯಾಗಿ ನೆರಳು ಕಡಿಮೆಯಾಗಿತ್ತು. ಅಲ್ಲಿಯ ಅರೇಬಿಕಾ ಗಿಡಗಳ ಎಲೆ ಹಳದಿಗೆ ತಿರುಗಿದಾಗ ಗೊಬ್ಬರ ಸಾಲದು ಎಂದುಕೊಂಡೆ. ಎರಡು ವರ್ಷ ಗೊಬ್ಬರ ಹಾಕುತ್ತಾ, ಇವತ್ತಲ್ಲ ನಾಳೆ ಚೇತರಿಸಿಕೊಳ್ಳುತ್ತದೆ ಎಂದು ಕಾದೆ. ಒಂದು ದಿನ ನಮ್ಮಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಅಂಥ ಒಂದು ಗಿಡದ ಕಾಂಡದ ಮೇಲೆ ಬೆರಳಾಡಿಸಿ, ಒಂದು ಕಡೆ ಉಬ್ಬಿದ ಬಳೆಯಂಥ ಗೆರೆಯನ್ನು ತೋರಿಸಿ, ಅಲ್ಲಿಗೇ ಹಿಡಿದು ಬಗ್ಗಿಸಿದರು. ಒಣ ಪುಳ್ಳೆಯಂತೆ ಲಟಕ್ಕೆಂದು ಮುರಿಯಿತು. ಒಳಗೆ ಸೊಟ್ಟಪಟ್ಟ ಸುರಂಗ, ಅದರ ತುಂಬ ಗಟ್ಟಿಯಾಗಿ ತುರುಕಿದ ಮರದ ಪುಡಿ, ಕೊನೆಯಲ್ಲಿ ಅನ್ನದ ಅಗುಳಿನ ಬಣ್ಣದ ಒಂದು ಹುಳು. ಬಿಳಿ ಕಾಂಡಕೊರಕ. ನಾನು ಎರಡು ವರ್ಷ ಗೊಬ್ಬರ ಹಾಕಿ ಸಾಕಿದ್ದು ಅದನ್ನು. ಅಕ್ಕಪಕ್ಕದ ನಲವತ್ತೋ ಐವತ್ತೋ ಗಿಡಗಳನ್ನು ಕಿತ್ತು ಸುಡಬೇಕಾಯಿತು. ಆ ಎರಡು ವರ್ಷ ಮನೆಯವರೆಲ್ಲ ನನ್ನ ತಾಳ್ಮೆಯನ್ನು ಹೊಗಳುತ್ತಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ಆದ್ದರಿಂದ, ತಾಳ್ಮೆಯೋ ಹಟವೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಮನಸ್ಸಿನೊಳಗೆ ಸಿಗುವುದಿಲ್ಲ, ಕಾಂಡದ ಮೇಲೆ ಸಿಗುತ್ತದೆ. ಈಗ ಸೆಪ್ಟೆಂಬರ್ ಕೊನೆ. ಕಾಂಡಕೊರಕದ ದುಂಬಿ ಹೊರಬಂದು ಹಾರಾಡಿ ಮೊಟ್ಟೆಯಿಡುವ ಕಾಲ ವರ್ಷಕ್ಕೆ ಎರಡು, ಏಪ್ರಿಲ್ ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅದಕ್ಕೆ ಮೊದಲೇ ಗಿಡಗಿಡವನ್ನೂ ನೋಡಿ, ಗೆರೆ ಎದ್ದಿರುವುದನ್ನು ಬೇರುಸಹಿತ ಕಿತ್ತು ಸುಟ್ಟುಬಿಡಬೇಕು. ಎಳೆಯ ಗಿಡವೆಂದು ಕನಿಕರ ಬೇಡ. ಮೂರು ಎಕರೆ ನೋಡಲು ಇಬ್ಬರಿಗೆ ಕೆಲವು ದಿನ ಸಾಕು. ಹಾಗೆಯೇ ಮಣ್ಣಿನ ಪರೀಕ್ಷೆ ಮಾಡಿಸದಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ನಮ್ಮ ಮಳೆಗೆ ಮಣ್ಣು ಹುಳಿಯಾಗುವುದು ಸಹಜ, ಹುಳಿ ಮಣ್ಣಿನಲ್ಲಿ ಹಾಕಿದ ಗೊಬ್ಬರದ ಎಷ್ಟೋ ಭಾಗ ಗಿಡಕ್ಕೆ ದಕ್ಕುವುದೇ ಇಲ್ಲ, ಸುಣ್ಣ ಹಾಕಿದರೂ ಅದು ಮಣ್ಣಿನಲ್ಲಿ ಕೆಲಸ ಮಾಡಲು ತಿಂಗಳುಗಳು ಬೇಕು. ಇವೆರಡೂ ಸರಿಯಿದ್ದರೆ ನೀವು ಕಾಯುವುದು ತಾಳ್ಮೆ. ಇವನ್ನು ನೋಡದೆ ಕಾದರೆ ನಾನು ಮಾಡಿದ್ದನ್ನೇ ನೀವೂ ಮಾಡಿದಂತೆ.

ಕಾಯುವ ಕಾಲದಲ್ಲಿ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಅದಕ್ಕೊಂದು ಉಪಾಯ ಹೇಳುತ್ತೇನೆ. ಮೂರು ಎಕರೆಯ ಬೇರೆ ಬೇರೆ ಕಡೆ ಹತ್ತು ಗಿಡಗಳಿಗೆ ಬಣ್ಣದ ಬಟ್ಟೆ ಕಟ್ಟಿ, ಎರಡು ತಿಂಗಳಿಗೊಮ್ಮೆ ಅವುಗಳಲ್ಲಿ ಎಷ್ಟು ಜೊತೆ ರೆಂಬೆ ಬಂದಿದೆ, ಒಂದು ರೆಂಬೆಯಲ್ಲಿ ಎಷ್ಟು ಗಿಣ್ಣು ಬಂದಿದೆ ಎಂದು ಎಣಿಸಿ ಬರೆದಿಡಿ. ಚೀಲ ತುಂಬುವ ಒಂದೂವರೆ ವರ್ಷ ಮೊದಲೇ ಫಸಲು ಆ ಗಿಣ್ಣುಗಳಲ್ಲಿ ಎಣಿಕೆಗೆ ಸಿಗುತ್ತದೆ. ಪ್ರತಿದಿನ ಎಣಿಸಬೇಡಿ; ದಿನಾ ನೋಡಿದರೆ ಏನೂ ಬದಲಾಗಿಲ್ಲವೆಂದೇ ಕಾಣುತ್ತದೆ. ಮಳೆಯನ್ನು ಮಾತ್ರ ದಿನಾ ಬರೆಯಿರಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂಚು, ಸೆಂಟ್‌ಗಳಲ್ಲಿ (ನೂರು ಸೆಂಟ್‌ಗೆ ಒಂದು ಇಂಚು) ಮಳೆ ಬರೆದಿಟ್ಟ ಪುಸ್ತಕಗಳಿರುತ್ತವೆ. ನಿಮ್ಮ ಅಪ್ಪನ ಬಳಿಯೂ ಇರಬಹುದು, ಕೇಳಿ ನೋಡಿ. ಅವರು ಮೊದಲ ಸಲ ನೆಟ್ಟು ಕಾದ ವರ್ಷಗಳ ಪುಟವನ್ನು ತೆಗೆದು ಜೊತೆಯಲ್ಲಿ ಕುಳಿತು ಓದಿ. ಅವರು ಏನೂ ಕೇಳದಿರುವುದು ಅಸಮಾಧಾನದಿಂದ ಎಂದು ನೀವು ಭಾವಿಸಿದ್ದೀರಿ; ಗಿಡ ನೆಟ್ಟು ಕಾದು ಗೊತ್ತಿರುವವರು ಮೂರನೆಯ ವರ್ಷದಲ್ಲಿ ಚೀಲದ ಲೆಕ್ಕ ಕೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೆಂಟರ ರೋಬಸ್ಟಾದ ವಿಚಾರ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಾಡಿದಾಗ ಅರೇಬಿಕಾ ಕಿತ್ತುಬಿಡೋಣ ಎಂದವರು ಹಲವರಿದ್ದರು. ಮರುವರ್ಷದ ಆರಂಭದಲ್ಲೇ ಅರೇಬಿಕಾ ಬೆಲೆಯೂ ದಾಖಲೆ ಮಾಡಿತು. ಬೆಲೆ ನೋಡಿ ಗಿಡ ಬದಲಿಸುವವನು ಯಾವಾಗಲೂ ನಾಲ್ಕು ವರ್ಷ ಹಿಂದೆಯೇ ಇರುತ್ತಾನೆ. ನಿಮ್ಮ ಕಡೆಯ ಎತ್ತರ ಅರೇಬಿಕಾಕ್ಕೆ ಒಗ್ಗಿದ್ದು, ಅದನ್ನು ಬಿಡಬೇಡಿ. ಕೈಯಲ್ಲಿ ಕಾಸಿಲ್ಲದ ಕಷ್ಟವಿದ್ದರೆ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಆದರೆ ಅದಕ್ಕೂ ಮೂರು ವರ್ಷ ಬೇಕೆಂದು ಮೊದಲೇ ತಿಳಿದಿರಿ.

ಪ್ರಶ್ನೆ: ಯಾವುದೇ ಕೆಲಸವನ್ನು 21 ದಿನ ಬಿಡದೆ ಮಾಡಿದರೆ ರೂಢಿಯಾಗುತ್ತದೆ ಎಂದು ಕೇಳಿ, ಪರೀಕ್ಷೆಗಾಗಿ ಬೆಳಗ್ಗೆ ಐದಕ್ಕೆ ಎದ್ದು ಓದಲು ಆರಂಭಿಸಿದೆ. ಕೈಲ್ ಮುಹೂರ್ತದ ದಿನ ಮನೆ ತುಂಬ ನೆಂಟರಿದ್ದು ತಪ್ಪಿಹೋಯಿತು. ಈಗ 30 ದಿನ ಕಳೆದರೂ ಏಳುವುದು ಕಷ್ಟವೇ. ಮತ್ತೆ ಒಂದರಿಂದ ಎಣಿಸಬೇಕೆ? (ಮಡಿಕೇರಿಯ ಓದುಗಿ)

ಉತ್ತರ: ಬೇಡ. ಆ 21ರ ಲೆಕ್ಕ ಹುಟ್ಟಿದ್ದು ಯಾವ ಸಂಶೋಧನೆಯಿಂದಲೂ ಅಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕಾಗುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದ ಮಾತು ಬಾಯಿಂದ ಬಾಯಿಗೆ ಹರಡುತ್ತಾ ‘ಕನಿಷ್ಠ’ ಎಂಬ ಪದವನ್ನು ಕಳೆದುಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಕೆಲಸ ರೂಢಿಯಾಗಲು ಹಿಡಿದ ಕಾಲ ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ ಇತ್ತು (12 ವಾರ ದಾಟಿದ್ದು ಅಂದಾಜಿನ ಲೆಕ್ಕ), ನಡುವಿನ ಲೆಕ್ಕ 66 ದಿನ. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದು ಬೇಗ ರೂಢಿಯಾಯಿತು, ವ್ಯಾಯಾಮ ನಿಧಾನವಾಯಿತು. ಮುಖ್ಯವಾಗಿ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಮಡಿಕೇರಿಯ ಚಳಿಯಲ್ಲಿ ಐದಕ್ಕೆ ಏಳುವುದು ಒಂದು ಲೋಟ ನೀರಿನಷ್ಟು ಸುಲಭವಲ್ಲ. ಹಬ್ಬದ ಊಟ ಮಾಡಿದ್ದಕ್ಕೆ ಪಶ್ಚಾತ್ತಾಪ ಬೇಡ, ಇವತ್ತು 31ನೆಯ ದಿನ ಎಂದೇ ಬರೆದುಕೊಳ್ಳಿ.

ಪ್ರಶ್ನೆ: ಭಾಗಮಂಡಲದ ಹತ್ತಿರ ನಮ್ಮ ಮನೆ. ಕಳೆದ ವರ್ಷ ಎರಡು ಪೆಟ್ಟಿಗೆ ತುಡುವೆ ಜೇನು ಇಟ್ಟೆ. ಏನಾಗಿದೆಯೋ ಎಂಬ ಆತಂಕದಿಂದ ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಜುಲೈನಲ್ಲಿ ಒಂದು ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಯಿತು. ಇನ್ನೊಂದರಲ್ಲಿ ಜೇನು ತೆಗೆಯುವಷ್ಟು ಆಗಿಲ್ಲ. ಅಣ್ಣಾ, ನನ್ನ ಕೈಗುಣವೇ ಸರಿಯಿಲ್ಲವೇ?

ಉತ್ತರ: ಕೈಗುಣ ಸರಿಯಾಗಿದೆ ತಂಗಿ, ಕೈ ಹೆಚ್ಚಾಗಿದೆ. ಮೇಲೆ ಕಾಫಿ ನೆಟ್ಟವರಿಗೆ ಹತ್ತಿರ ಹೋಗಿ ನೋಡಿ ಎಂದೆ, ನಿಮಗೆ ಸ್ವಲ್ಪ ದೂರ ನಿಲ್ಲಿ ಎನ್ನಬೇಕಾಗಿದೆ.

ಮರಿಗಳಿರುವ ಎರಿಯನ್ನು ಜೇನುನೊಣಗಳು 34, 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಪಾಡಿಕೊಂಡಿರುತ್ತವೆ. ಭಾಗಮಂಡಲದ ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಆ ಬಿಸಿ ಹೋಗುತ್ತದೆ, ಅದನ್ನು ಮತ್ತೆ ಕೂಡಿಸಲು ಅವು ಕೂಡಿಟ್ಟ ಜೇನನ್ನೇ ತಿನ್ನಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವಿಲ್ಲ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಹೊಟ್ಟೆಗಿಲ್ಲದ ಮನೆಯ ಕದವನ್ನು ಎರಡು ದಿನಕ್ಕೊಮ್ಮೆ ಯಾರೋ ಬಂದು ತೆಗೆದರೆ ತುಡುವೆಯಂಥ ಅಂಜುಬುರುಕ ನೊಣ ಊರು ಬಿಡದೆ ಇನ್ನೇನು ಮಾಡೀತು? ಮಳೆಗಾಲದಲ್ಲಿ ಅವಕ್ಕೆ ಬೇಕಾಗಿದ್ದುದು ಸಂಜೆ ಹೊತ್ತು ಇಡುವ ಸ್ವಲ್ಪ ಸಕ್ಕರೆ ಪಾಕ, ಅಷ್ಟೇ.

ಉಳಿದ ಕುಟುಂಬದ ಲೆಕ್ಕ ಹೀಗಿದೆ. ರಾಣಿ ಇಟ್ಟ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು ಸುಮಾರು ಮೂರು ವಾರ ಬೇಕು. ಹೊರಬಂದ ನೊಣ ಮೊದಲು ಗೂಡಿನೊಳಗಿನ ಕೆಲಸ ಮಾಡಿ, ಮಕರಂದ ತರಲು ಹಾರುವುದು ಮತ್ತೆ ಎರಡು ಮೂರು ವಾರದ ಮೇಲೆ. ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿದಾಗ ತೋಟಕ್ಕೆ ಹಾರಬೇಕಾದ ನೊಣದ ಮೊಟ್ಟೆ ಜನವರಿ ಕೊನೆಗೇ ಎರಿಯಲ್ಲಿ ಇರಬೇಕು. ಕಾಫಿ ಹೂವು ಎರಡು ಮೂರು ದಿನಕ್ಕೆ ಬಾಡುತ್ತದೆ, ಅದು ಅರಳಿದ ಮೇಲೆ ಕುಟುಂಬ ಬಲವಾಗಲು ಸಮಯವಿರುವುದಿಲ್ಲ. ಹಾಗಾಗಿ ಈ ವರ್ಷದ ಕೆಲಸ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಶುರುವಾಗುತ್ತದೆ: ಬಿಸಿಲಿರುವ ದಿನ, ಎಂಟು ಹತ್ತು ದಿನಕ್ಕೊಮ್ಮೆ ಮಾತ್ರ ತೆರೆದು, ಮೊಟ್ಟೆ ಇದೆಯೇ, ಮೇಣದ ಹುಳು ಬಿದ್ದಿದೆಯೇ ಎಂದು ನೋಡಿ ಬೇಗ ಮುಚ್ಚಿ. 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಸಾಲುಸಾಲಾಗಿ ನಾಶವಾದಾಗ ಎಷ್ಟೋ ಮನೆಗಳ ಪೆಟ್ಟಿಗೆಗಳು ಅಟ್ಟ ಸೇರಿದವು. ಆಗ ಉಳಿದ ಒಂದೊಂದು ಕುಟುಂಬವನ್ನು ಎರಡು ಪೆಟ್ಟಿಗೆಗೆ ಪಾಲು ಮಾಡಿಕೊಂಡೇ ಮತ್ತೆ ಸಾಕಿದವರಿದ್ದಾರೆ. ನಿಮ್ಮ ಖಾಲಿ ಪೆಟ್ಟಿಗೆಯನ್ನು ತೊಳೆದು ಒಣಗಿಸಿಡಿ, ಅದಕ್ಕೂ ಕೆಲಸ ಬರುತ್ತದೆ.

ಆತಂಕ ತಡೆಯಲಾಗದಿದ್ದರೆ ಬೆಳಗ್ಗೆ ಬಿಸಿಲೇರಿದ ಮೇಲೆ ಪೆಟ್ಟಿಗೆಯ ಪಕ್ಕದಲ್ಲಿ, ಅವುಗಳ ದಾರಿಗೆ ಅಡ್ಡವಾಗದಂತೆ, ಹತ್ತು ನಿಮಿಷ ಕುಳಿತುಕೊಳ್ಳಿ. ಒಳಗೆ ಹೋಗುವ ನೊಣಗಳ ಹಿಂಗಾಲಿನಲ್ಲಿ ಹಳದಿಯೋ ಕಿತ್ತಳೆ ಬಣ್ಣದ್ದೋ ಪರಾಗದ ಉಂಡೆ ಕಂಡರೆ ಒಳಗೆ ಸಾಕಬೇಕಾದ ಮರಿಗಳಿವೆ, ರಾಣಿ ಮೊಟ್ಟೆಯಿಡುತ್ತಿದ್ದಾಳೆ ಎಂದು ತಿಳಿಯಿರಿ. ಅಂಥ ನೊಣ ಎಷ್ಟು ಬಂದವೆಂದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಮುಚ್ಚಳ ಮುಟ್ಟದೆ ಒಳಗೆ ಹೋಗಿ ಕಾಫಿ ಕುಡಿಯಿರಿ.