ಮಿದುಳಿನ ಹೊಸ ಕೋಶಕ್ಕೆ ಗುರುತು ಹಾಕೋದು ಹೇಗೆ?

ಪ್ರಶ್ನೆ: ಹುಟ್ಟಿದ ಮೇಲೆ ಮಿದುಳಲ್ಲಿ ಹೊಸ ನರಕೋಶ ಹುಟ್ಟಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೆ. ಬೆಳೆದ ಇಲಿಗಳಲ್ಲೂ ಹುಟ್ಟುತ್ತವೆ ಅಂತ ಈಗ ಕಾಲೇಜಲ್ಲಿ ಹೇಳಿದರು. ಅಷ್ಟೊಂದು ಕೋಶಗಳ ನಡುವೆ ಹೊಸದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ನೋಡಮ್ಮ, ನಾನೀಗ ದಾವಣಗೆರೆಯಲ್ಲಿದ್ದರೂ ಬೆಳೆದದ್ದು ನಿಮ್ಮ ಕಡೆಯ ಹಟ್ಟಿಯಲ್ಲೇ. ನಮ್ಮಪ್ಪ ಕುರಿ ರೊಪ್ಪದಲ್ಲಿ ಕೂತು, ಹೊಸ ಮರಿಯನ್ನು ತೊಡೆ ಮಧ್ಯೆ ಹಿಡಿದು ಬೆನ್ನಿಗೆ ಕೆಂಪು ಬಣ್ಣ ಹಚ್ಚುತ್ತಿದ್ದರು. ತುಪ್ಪಟ ಕತ್ತರಿಸಿದರೆ ಗುರುತೂ ಹೋಯಿತು. ಆ ಕುರಿ ಈದ ಮರಿಗಂತೂ ಗುರುತೇ ಇಲ್ಲ.

ಮೊದಮೊದಲು ಮಿದುಳಲ್ಲೂ ಇದೇ ತೊಂದರೆ. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಎಂಬ ವಿಜ್ಞಾನಿ ಇಲಿಗಳಿಗೆ ವಿಕಿರಣ ಸೂಸುವ ಥೈಮಿಡಿನ್ ಕೊಟ್ಟರು. ಥೈಮಿಡಿನ್ ಅಂದರೆ ಡಿಎನ್‌ಎ ಕಟ್ಟೋಕೆ ಬೇಕಾದ ಒಂದು ವಸ್ತು. ಒಂದು ಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತೆ ಅಲ್ವಾ, ಆಗ ಅದು ಒಳಗೆ ಸೇರುತ್ತೆ. ಹೊಸ ನರಕೋಶ ಕಂಡವು. ತುಂಬಾ ಜನ ನಂಬಲಿಲ್ಲ. ಅದೂ ಅಲ್ಲದೆ ಈ ಗುರುತು ಕೋಶ ಒಡೆದಷ್ಟೂ ತೆಳುವಾಗುತ್ತೆ. ಕಾಣೋದೂ ಡಿಎನ್‌ಎ ಇರುವ ಕೋಶದ ಬೀಜ (ನ್ಯೂಕ್ಲಿಯಸ್) ಮಾತ್ರ, ಕವಲುಗಳು ಕಾಣಲ್ಲ.

ಈಗಿನ ಗುರುತು ಜೀನ್‌ನಲ್ಲೇ ಇರುತ್ತೆ. ಇಲಿಗೆ ಎರಡು ಜೀನ್ ಸೇರಿಸಿರುತ್ತಾರೆ. ಒಂದು ಹೊಳೆಯುವ ಪ್ರೋಟೀನ್‌ನದು, ಅದರ ಮುಂದೆ ಅದು ಕೆಲಸ ಮಾಡದಂತೆ ತಡೆಯುವ ಒಂದು ಅಡ್ಡ ತುಂಡು. ಇನ್ನೊಂದು ಆ ತುಂಡನ್ನು ಕತ್ತರಿಸುವ ‘ಕ್ರೀ’ ಎಂಬ ಕತ್ತರಿ. ಈ ಕತ್ತರಿ ತಯಾರಾಗೋದು ನೆಸ್ಟಿನ್ ಎಂಬ ಜೀನ್ ಕೆಲಸ ಮಾಡುವ ಕಾಂಡಕೋಶಗಳಲ್ಲಿ, ಅಂದರೆ ಹೊಸ ನರಕೋಶಗಳು ಹುಟ್ಟುವ ತಾಯಿಕೋಶಗಳಲ್ಲಿ. ಸುಮ್ನೆ ಬೀಜದ ಹೊರಗೇ ಕಾಯುತ್ತಿರುತ್ತೆ. ಟಮಾಕ್ಸಿಫೆನ್ ಕೊಟ್ಟಾಗ ಮಾತ್ರ ಒಳಗೆ ಹೋಗುತ್ತೆ. ಸ್ತನ ಕ್ಯಾನ್ಸರ್‌ಗೆ ಕೊಡ್ತಾರಲ್ಲ, ಅದೇ ಔಷಧ! ಅಡ್ಡ ತುಂಡು ಕತ್ತರಿಸಿ ಹೋದರೆ ಕೋಶ ಹೊಳೆಯತೊಡಗುತ್ತೆ. ಅದರ ಮಕ್ಕಳು, ಮೊಮ್ಮಕ್ಕಳೂ ಹೊಳೆಯುತ್ತವೆ. ಅಪ್ಪ ಹಚ್ಚಿದ ಬಣ್ಣ ಮರಿಯ ಮರಿಗೂ ಬಂದ ಹಾಗೆ!

ಔಷಧ ಕೊಟ್ಟ ದಿನದಿಂದ ಲೆಕ್ಕ ಶುರು. ಒಂದು ವಾರಕ್ಕೆ ನೋಡಿದರೆ ಪುಟ್ಟ ಮೊಳಕೆ. ನಾಲ್ಕು ವಾರಕ್ಕೆ ಕವಲೊಡೆದ ಗಿಡ, ಕವಲಿನ ಮೇಲೆ ಸಣ್ಣ ಸಣ್ಣ ಮುಳ್ಳು. ಹಳೆಯ ಕೋಶಗಳ ಜೊತೆ ಅದು ಮಾತಾಡೋದು ಆ ಮುಳ್ಳುಗಳ ಮೂಲಕ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಇದನ್ನು ಜಾಸ್ತಿ ನೋಡಿದ್ದಾರೆ.

ಒಂದು ಎಚ್ಚರ ಬೇಕು. ಕತ್ತರಿ ಕೆಲವೊಮ್ಮೆ ಔಷಧ ಇಲ್ಲದೆಯೂ ಕೆಲಸ ಮಾಡಿಬಿಡುತ್ತೆ. ಅದಕ್ಕೇ ಔಷಧ ಕೊಡದ ಇಲಿಗಳನ್ನೂ ಪಕ್ಕದಲ್ಲಿಟ್ಟು ನೋಡಲೇಬೇಕು. ಅಲ್ಲೂ ಕೋಶ ಹೊಳೆದರೆ ಆ ಲೆಕ್ಕ ನಂಬೋ ಹಾಗಿಲ್ಲ.

ಮನುಷ್ಯರಿಗೆ ಹೀಗೆ ಜೀನ್ ಸೇರಿಸೋಕಾಗಲ್ಲ. ತೀರಿಹೋದವರ ಮಿದುಳಿನ ತೆಳು ಹಾಳೆಗಳಲ್ಲಿ ಎಳೆ ಕೋಶದ ಪ್ರೋಟೀನ್ ಹುಡುಕಬೇಕು. 2018ರಲ್ಲಿ ಒಂದು ತಂಡ ಬೆಳೆದವರಲ್ಲಿ ಹೊಸ ಕೋಶ ಸಿಗಲಿಲ್ಲ ಎಂದಿತು. ಅದೇ ವರ್ಷ ಇನ್ನೊಂದು ತಂಡ ಮುದುಕರಲ್ಲೂ ಸಿಕ್ಕಿತು ಎಂದಿತು. ಇಲಿಯ ಮಟ್ಟಿಗೆ ನಿನ್ನ ಕಾಲೇಜಿನವರು ಹೇಳಿದ್ದು ಸರಿ. ನಮ್ಮ ತಲೆಯ ವಿಷಯ ಇನ್ನೂ ಚರ್ಚೆಯಲ್ಲಿದೆ.